ಮೇಲಿನ ಮಹಡಿ ಯಾರಿಗೆ? ಬಾಡಿಗೆ ಮನೆ, ಬಣ್ಣ ಮತ್ತು ನ್ಯಾಯ

ಪ್ರಶ್ನೆ: ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲಿನ ಮಹಡಿ ಬಾಡಿಗೆಗೆ ಕೊಡುತ್ತೇವೆ. ಮಾನಸಗಂಗೋತ್ರಿಯಲ್ಲಿ ಓದುವ ಆಫ್ರಿಕಾದ ಹುಡುಗನೊಬ್ಬ ಕೇಳಿಕೊಂಡು ಬಂದ. ಅಕ್ಕಪಕ್ಕದವರು ಬೇಡವೆಂದರು, ನಾವೂ ಇಲ್ಲವೆಂದೆವು. ವಾರದೊಳಗೆ ಯೋಗ ಕಲಿಯಲು ಬಂದ ಯುರೋಪಿನ ದಂಪತಿಗೆ ಕೊಟ್ಟೆವು. ಮಗಳು ‘ಇದು ರೇಸಿಸಂ’ ಎಂದು ಜಗಳ ತೆಗೆದಿದ್ದಾಳೆ. ನಮಗೆ ಯಾರ ಮೇಲೂ ದ್ವೇಷವಿಲ್ಲ. ಲಿಬರಲ್ ಸಮಾಜವೆಂದರೆ ನನ್ನ ಆಸ್ತಿ ನನ್ನ ಇಷ್ಟ ಎಂದಲ್ಲವೇ? ಬಣ್ಣ ನೋಡಬೇಡಿ ಎನ್ನುವವರೇ ಮೀಸಲಾತಿ ಬಂದಾಗ ಜಾತಿ ನೋಡಿ ಎನ್ನುತ್ತಾರಲ್ಲ, ಇದು ಯಾವ ನ್ಯಾಯ?

ಉತ್ತರ: ಕಾನೂನಿನ ಮಾತನ್ನು ಮೊದಲು ಮುಗಿಸಿಬಿಡೋಣ, ಅದು ಹೆಚ್ಚುಕಡಿಮೆ ನಿಮ್ಮ ಪರವಾಗಿಯೇ ಇದೆ. ಸಂವಿಧಾನದ 15(2)ನೇ ವಿಧಿ ಖಾಸಗಿಯವರಿಗೂ ಅನ್ವಯಿಸುತ್ತದೆ, ಆದರೆ ಅದು ಹೇಳುವುದು ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳ ವಿಷಯ. ಬಾಡಿಗೆ ಮನೆಯ ಹೆಸರು ಅಲ್ಲಿಲ್ಲ. ಮೇಲಾಗಿ 15ನೇ ವಿಧಿಯ ರಕ್ಷಣೆ ನಾಗರಿಕರಿಗೆ ಮಾತ್ರ. 14ನೇ ವಿಧಿ ‘ಯಾವುದೇ ವ್ಯಕ್ತಿ’ ಎನ್ನುತ್ತದೆ, ವಿದೇಶಿಯರೂ ಅದರೊಳಗೆ ಬರುತ್ತಾರೆ, ಆದರೆ ಅದು ಕಟ್ಟಿಹಾಕುವುದು ಸರ್ಕಾರವನ್ನು, ನಿಮ್ಮನ್ನಲ್ಲ. ಅದೇ ಹುಡುಗ ನಂಜನಗೂಡಿನ ಕಡೆಯ ದಲಿತನಾಗಿದ್ದು, ನೀವು ಅಸ್ಪೃಶ್ಯತೆಯ ಕಾರಣಕ್ಕೆ ಬಾಗಿಲು ಮುಚ್ಚಿದ್ದರೆ ಕಥೆ ಬೇರೆ. ವಾಸದ ಮನೆ ಹಿಡಿಯುವುದಕ್ಕೆ ಆ ಕಾರಣಕ್ಕೆ ಅಡ್ಡಿಯಾಗುವುದನ್ನು 1955ರ ನಾಗರಿಕ ಹಕ್ಕುಗಳ ರಕ್ಷಣಾ ಕಾಯ್ದೆ ಅಪರಾಧವೆಂದು ಹೆಸರಿಸಿದೆ. ಖಾಸಗಿ ಮನೆ ಮಾಲೀಕರ ಎಲ್ಲ ಬಗೆಯ ತಾರತಮ್ಯವನ್ನೂ ತಡೆಯುವ ಒಂದೇ ಸಾಮಾನ್ಯ ಕಾಯ್ದೆ ನಮ್ಮಲ್ಲಿ ಇಲ್ಲ.

ನಿಮ್ಮ ಮಗಳು ಕೇಳುತ್ತಿರುವುದು ಪೊಲೀಸ್ ಠಾಣೆಯ ಪ್ರಶ್ನೆಯಲ್ಲ. ಅದಕ್ಕೆ ನಿಮ್ಮ ಉತ್ತರ ‘ದ್ವೇಷವಿಲ್ಲ’. ತತ್ವಶಾಸ್ತ್ರದಲ್ಲಿ ಈ ಉತ್ತರಕ್ಕೆ ಬೆಲೆ ಇಲ್ಲದಿಲ್ಲ. ರೇಸಿಸಂನ ಬೇರು ಮನಸ್ಸಿನಲ್ಲಿದೆ, ಕೆಟ್ಟ ಭಾವನೆಯಲ್ಲಿದೆ ಎಂದು ಅಮೆರಿಕದ ತತ್ವಜ್ಞಾನಿ ಜೆ.ಎಲ್.ಎ. ಗಾರ್ಸಿಯಾ 1996ರಲ್ಲಿ ವಾದಿಸಿದರು. ಆದರೆ ಅವರೂ ದ್ವೇಷದ ಜೊತೆಗೆ ಅಸಡ್ಡೆಯನ್ನು ಸೇರಿಸಿಕೊಂಡಿದ್ದರು: ಎದುರಿಗಿರುವವನ ಬಣ್ಣದ ಕಾರಣಕ್ಕೆ ಅವನ ಕಷ್ಟ ನಮಗೆ ತಟ್ಟದೇ ಹೋಗುವುದು. ‘ಸುಮ್ಮನೆ ತಲೆನೋವೇಕೆ’ ಎಂಬುದು ದ್ವೇಷವಲ್ಲ, ಅಸಡ್ಡೆ ಅಲ್ಲವೆಂದು ಮಾತ್ರ ಹೇಳುವುದು ಕಷ್ಟ. ತತ್ವಜ್ಞಾನಿ ಟಾಮಿ ಶೆಲ್ಬಿ ಇನ್ನೊಂದು ದಾರಿ ಹಿಡಿಯುತ್ತಾರೆ. ರೇಸಿಸಂ ಎಂದರೆ ಸಮಾಜದಲ್ಲಿ ಓಡಾಡುವ ನಂಬಿಕೆಗಳ ಒಂದು ಕಟ್ಟು, ಒಳ್ಳೆಯ ಮನಸ್ಸಿನವರೂ ಅದನ್ನು ಹೊತ್ತು ತಿರುಗಬಹುದು ಎನ್ನುತ್ತಾರೆ. ಮತ್ತೊಬ್ಬ ತತ್ವಜ್ಞಾನಿ ಲಾರೆನ್ಸ್ ಬ್ಲಮ್ ಒಂದು ಉಪಯುಕ್ತ ಎಚ್ಚರಿಕೆ ಕೊಡುತ್ತಾರೆ: ಕೆಲಸಕ್ಕೆ ಅಂಟುವ ಹೆಸರನ್ನು ಆ ಕೆಲಸ ಮಾಡಿದವರ ಹಣೆಗೆ ಅಂಟಿಸಬೇಡಿ. ಮಗಳು ಹೇಳಿದ್ದು ಆ ನಿರಾಕರಣೆಯ ಬಗ್ಗೆ ಎಂದುಕೊಂಡರೆ ಮನೆಯಲ್ಲಿ ಅರ್ಧ ಜಗಳ ಇಳಿಯುತ್ತದೆ.

ಇನ್ನು ‘ನನ್ನ ಆಸ್ತಿ ನನ್ನ ಇಷ್ಟ’. ನಿಮ್ಮ ಪ್ರಶ್ನೆಯಲ್ಲಿ ನಿಜವಾಗಿ ಗಟ್ಟಿಯಿರುವ ಭಾಗ ಇದು. ಯಾರೊಡನೆ ಊಟ, ಯಾರೊಡನೆ ಗೆಳೆತನ, ಯಾರನ್ನು ಮನೆಯೊಳಗೆ ಕರೆದುಕೊಳ್ಳುವುದು ಎಂಬಲ್ಲಿ ಸರ್ಕಾರ ಮೂಗು ತೂರಿಸಬಾರದು, ಇದು ಲಿಬರಲ್ ಚಿಂತನೆಯ ಮೂಲ ಆಸೆಗಳಲ್ಲೊಂದು. ಆದರೆ ಮನೆ ಎಲ್ಲಿ ಮುಗಿಯುತ್ತದೆ, ವ್ಯಾಪಾರ ಎಲ್ಲಿ ಶುರುವಾಗುತ್ತದೆ? ಅಮೆರಿಕದ 1968ರ ವಸತಿ ಕಾಯ್ದೆ ಬರೆದವರಿಗೂ ಇದೇ ಇಕ್ಕಟ್ಟು ಬಂದಿತ್ತು. ಮಾಲೀಕರೇ ವಾಸವಿರುವ, ನಾಲ್ಕಕ್ಕಿಂತ ಹೆಚ್ಚು ಕುಟುಂಬಗಳಿಗೆ ಜಾಗವಿಲ್ಲದ ಕಟ್ಟಡಗಳಿಗೆ ಅವರು ವಿನಾಯಿತಿ ಕೊಟ್ಟರು. ಕೆಳಗೆ ನೀವು, ಮೇಲೆ ಬಾಡಿಗೆದಾರ, ಅಕ್ಷರಶಃ ನಿಮ್ಮದೇ ಮನೆ. ಅಲ್ಲಿನವರು ಇದನ್ನು ‘ಮಿಸೆಸ್ ಮರ್ಫಿ ವಿನಾಯಿತಿ’ ಎಂದು ಕರೆಯುತ್ತಾರೆ, ಮನೆಯ ಒಂದು ಭಾಗ ಬಾಡಿಗೆಗೆ ಕೊಟ್ಟು ಬದುಕುವ ಒಬ್ಬ ಕಾಲ್ಪನಿಕ ಮುದುಕಿಯ ಹೆಸರಲ್ಲಿ. ಆದರೂ ಎರಡು ಬಿಗಿಗಳು ಉಳಿದವು. ಮಿಸೆಸ್ ಮರ್ಫಿ ಕೂಡ ‘ಕರಿಯರಿಗೆ ಇಲ್ಲ’ ಎಂದು ಜಾಹೀರಾತು ಕೊಡುವಂತಿಲ್ಲ. ಅದೇ 1968ರಲ್ಲಿ ಜೋನ್ಸ್ ವಿರುದ್ಧ ಮೇಯರ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1866ರ ಹಳೆಯ ನಾಗರಿಕ ಹಕ್ಕು ಕಾಯ್ದೆಗೆ ಜೀವ ಕೊಟ್ಟು, ಆಸ್ತಿ ಮಾರುವಾಗಲಾಗಲಿ ಬಾಡಿಗೆಗೆ ಕೊಡುವಾಗಲಾಗಲಿ ಖಾಸಗಿಯವರೂ ಬಣ್ಣ ನೋಡುವಂತಿಲ್ಲ ಎಂದಿತು. ಆ ಕಾಯ್ದೆಯಲ್ಲಿ ಮರ್ಫಿಗೆ ವಿನಾಯಿತಿಯೇ ಇಲ್ಲ. ಬ್ರಿಟನ್ 1965ರ ಮೊದಲ ಜನಾಂಗ ಸಂಬಂಧ ಕಾಯ್ದೆಯಲ್ಲಿ ವಸತಿಯನ್ನೇ ಹೊರಗಿಟ್ಟಿತ್ತು, ಮೂರೇ ವರ್ಷದಲ್ಲಿ, 1968ರಲ್ಲಿ, ಒಳಗೆ ತರಬೇಕಾಯಿತು.

ಇದಕ್ಕಿಂತ ಆಳದ ತೀರ್ಪು ಅಮೆರಿಕದ ಸುಪ್ರೀಂ ಕೋರ್ಟಿನ 1948ರ ಶೆಲ್ಲಿ ವಿರುದ್ಧ ಕ್ರೇಮರ್. ಒಂದು ಬಡಾವಣೆಯವರು ‘ಬಿಳಿಯರಲ್ಲದವರಿಗೆ ಈ ಮನೆಗಳನ್ನು ಕೊಡಬಾರದು’ ಎಂದು ತಮ್ಮೊಳಗೆ ಕರಾರು ಮಾಡಿಕೊಂಡಿದ್ದರು. ಖಾಸಗಿ ಕರಾರು, ಸರ್ಕಾರದ್ದೇನೂ ಪಾತ್ರವಿಲ್ಲ ಎಂಬ ವಾದ. ಕೋರ್ಟು ಹೇಳಿದ್ದು: ಕರಾರು ನಿಮ್ಮದಿರಬಹುದು, ಅದನ್ನು ಜಾರಿ ಮಾಡಿಸಿ ಮನೆಯಿಂದ ಜನರನ್ನು ಹೊರಹಾಕಲು ನೀವು ಕರೆಯುತ್ತಿರುವುದು ನ್ಯಾಯಾಲಯವನ್ನು, ಅಂದರೆ ಸರ್ಕಾರವನ್ನು. ನಿಮ್ಮ ಖಾತೆ, ನೋಂದಣಿ, ಬಾಡಿಗೆ ಕರಾರು, ಬಾಡಿಗೆದಾರ ಬಿಡದಿದ್ದರೆ ಹೂಡುವ ದಾವೆ ಎಲ್ಲದರ ಹಿಂದೆಯೂ ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ವ್ಯವಸ್ಥೆಯಿದೆ. ‘ಖಾಸಗಿ’ ಎಂಬ ಗೆರೆಯನ್ನು ಎಳೆದಿರುವುದೇ ಕಾನೂನು. ಆ ಗೆರೆಯನ್ನು ಎಲ್ಲಿ ಎಳೆಯಬೇಕೆಂದು ಕೇಳುವುದು ಸ್ವಾತಂತ್ರ್ಯದ ಮೇಲಿನ ದಾಳಿ ಆಗುವುದಿಲ್ಲ. ಇದನ್ನು ನಮ್ಮ ನ್ಯಾಯಾಲಯಗಳು ಹಾಗೇ ಒಪ್ಪಿವೆ ಎನ್ನುವಂತಿಲ್ಲ. ಪಾರ್ಸಿಗಳಿಗೆ ಮಾತ್ರ ಸದಸ್ಯತ್ವ ಕೊಡುವ ವಸತಿ ಸಹಕಾರ ಸಂಘವೊಂದರ ಬೈಲಾವನ್ನು ಸುಪ್ರೀಂ ಕೋರ್ಟ್ 2005ರಲ್ಲಿ ಎತ್ತಿಹಿಡಿದಿದೆ.

ನಿಮ್ಮ ವಾದ ಸೋಲುವುದು ಇಲ್ಲಿಯೂ ಅಲ್ಲ, ಮುಂದಿನ ಹೆಜ್ಜೆಯಲ್ಲಿ. ನೀವು ಒಬ್ಬರೇ ಇಲ್ಲವೆಂದಿದ್ದರೆ ಆ ಹುಡುಗ ಪಕ್ಕದ ರಸ್ತೆಗೆ ಹೋಗುತ್ತಿದ್ದ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ವಿಶ್ವವಿದ್ಯಾಲಯದ ಸುತ್ತ, ಸರಸ್ವತಿಪುರಂ, ಜಯಲಕ್ಷ್ಮೀಪುರಂ, ಬೋಗಾದಿ ರಸ್ತೆಯ ಕಡೆ, 40 ಮನೆಗಳ ಮುಂದೆ ‘ಟು ಲೆಟ್’ ಬೋರ್ಡು ಇದೆ. 36 ಮಂದಿ ನಿಮ್ಮಂತೆಯೇ ನಯವಾಗಿ ‘ಬೇರೆಯವರಿಗೆ ಮಾತು ಕೊಟ್ಟಾಗಿದೆ’ ಎನ್ನುತ್ತಾರೆ. ಉಳಿದದ್ದು ನಾಲ್ಕು. ಆ ನಾಲ್ವರಿಗೆ ಗೊತ್ತು ಇವನಿಗೆ ಬೇರೆ ದಾರಿಯಿಲ್ಲವೆಂದು. ಅಡ್ವಾನ್ಸ್ ಏರುತ್ತದೆ, ಸೋರುವ ಕೋಣೆ ಸಿಗುತ್ತದೆ, ರಿಪೇರಿ ಕೇಳಿದರೆ ಖಾಲಿ ಮಾಡು ಎಂಬ ಮಾತು. ಅಂಥ ಕೋಣೆಗಳೆಲ್ಲ ಒಂದೇ ಕಡೆ ಇದ್ದರೆ ಅವರೆಲ್ಲ ಅಲ್ಲೇ ಸೇರುತ್ತಾರೆ. ಆಮೇಲೆ ನಾವು ಹೇಳುವುದು: ‘ಅವರು ಅವರವರೇ ಇರುತ್ತಾರೆ, ನಮ್ಮ ಜೊತೆ ಬೆರೆಯುವುದಿಲ್ಲ.’ 36 ಮನೆಗಳಲ್ಲಿ ಹುಡುಕಿದರೂ ಒಬ್ಬ ಖಳನಾಯಕ ಸಿಗುವುದಿಲ್ಲ, ಅನ್ಯಾಯ ಮಾತ್ರ ಪೂರ್ತಿ ನಡೆದುಹೋಗಿದೆ. ಅಮೆರಿಕದ ರಾಜಕೀಯ ಚಿಂತಕಿ ಐರಿಸ್ ಮರಿಯನ್ ಯಂಗ್ ತಮ್ಮ ಕೊನೆಯ ಪುಸ್ತಕದಲ್ಲಿ (2011, ಅವರು ತೀರಿಕೊಂಡ ಐದು ವರ್ಷದ ನಂತರ ಬಂದದ್ದು) ಮನೆ ಸಿಗದೆ ಅಲೆಯುವ ಸ್ಯಾಂಡಿ ಎಂಬ ತಾಯಿಯ ಉದಾಹರಣೆಯಿಂದ ಇದನ್ನೇ ಬಿಡಿಸಿ ತೋರಿಸಿದರು. ಯಾರೂ ನಿಯಮ ಮುರಿದಿಲ್ಲ, ಎಲ್ಲರೂ ತಮ್ಮ ತಮ್ಮ ಅನುಕೂಲ ನೋಡಿಕೊಂಡಿದ್ದಾರೆ, ಆಕೆ ಬೀದಿಪಾಲಾಗುವ ಅಂಚಿನಲ್ಲಿದ್ದಾಳೆ. ಯಂಗ್ ಪ್ರಕಾರ ಇಲ್ಲಿ ತಪ್ಪಿತಸ್ಥರನ್ನು ಹುಡುಕುವುದು ವ್ಯರ್ಥ. ಈ ವ್ಯವಸ್ಥೆ ನಡೆಯುವುದಕ್ಕೆ ಕೈಜೋಡಿಸಿದ ಪ್ರತಿಯೊಬ್ಬರಿಗೂ ಅದನ್ನು ಬದಲಿಸುವ ಹೊಣೆಯಲ್ಲಿ ಪಾಲಿದೆ, ಕೈಯಲ್ಲಿ ಹೆಚ್ಚು ಅಧಿಕಾರವಿದ್ದವರ ಹೊಣೆ ಹೆಚ್ಚು.

ನಂಬಿಕೆ ಬಾರದಿದ್ದರೆ ಚದುರಂಗದ ಹಲಗೆ ತೆಗೆದುಕೊಳ್ಳಿ. 64 ಮನೆಗಳಲ್ಲಿ ಒಂದು ರೂಪಾಯಿಯ 22, ಎರಡು ರೂಪಾಯಿಯ 22 ನಾಣ್ಯಗಳನ್ನು ಹೇಗೆಂದರೆ ಹಾಗೆ ಇಡಿ, 20 ಮನೆ ಖಾಲಿ ಬಿಡಿ. ನಿಯಮ ಒಂದೇ. ಪ್ರತಿ ನಾಣ್ಯ ತನ್ನ ಸುತ್ತಲಿನ ಎಂಟು ಮನೆಗಳನ್ನು ನೋಡುತ್ತದೆ, ಅಲ್ಲಿರುವ ನಾಣ್ಯಗಳಲ್ಲಿ ಮೂರನೇ ಒಂದು ಭಾಗವಾದರೂ ತನ್ನಂಥವು ಇದ್ದರೆ ಕದಲುವುದಿಲ್ಲ. ಇಲ್ಲದಿದ್ದರೆ ಹಾಗಿರುವ ಹತ್ತಿರದ ಖಾಲಿ ಮನೆಗೆ ಹೋಗುತ್ತದೆ. ಗಮನಿಸಿ, ಯಾವ ನಾಣ್ಯಕ್ಕೂ ಇನ್ನೊಂದರ ಮೇಲೆ ಸಿಟ್ಟಿಲ್ಲ, ಮೂರರಲ್ಲಿ ಎರಡು ಪಾಲು ಬೇರೆಯವರಿದ್ದರೂ ಅದಕ್ಕೆ ಸಮಾಧಾನವೇ. ಕೆಲವು ಸುತ್ತು ಮುಗಿಯುವಷ್ಟರಲ್ಲಿ ಸಾಮಾನ್ಯವಾಗಿ ಹಲಗೆಯ ಮೇಲೆ ಒಂದರ ಕೇರಿ ಬೇರೆ, ಎರಡರ ಕೇರಿ ಬೇರೆ ಆಗಿರುತ್ತದೆ. ಎರಡು ಕಡೆ ಆಟ ಕೆಡುತ್ತದೆ: ಖಾಲಿ ಮನೆ ತೀರಾ ಕಡಿಮೆ ಬಿಟ್ಟರೆ ಯಾರಿಗೂ ಹೋಗಲು ಜಾಗವಿರುವುದಿಲ್ಲ, ಒಂದು ಬಿಟ್ಟು ಒಂದು ಅಚ್ಚುಕಟ್ಟಾಗಿ ಜೋಡಿಸಿದರೆ ಯಾರೂ ಏಳುವುದೇ ಇಲ್ಲ. ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1971ರಲ್ಲಿ ಪ್ರಕಟಿಸಿದ ಮಾದರಿ ಇದು. ಇದನ್ನು ತೋರಿಸಿ ‘ನೋಡಿ, ಯಾರದ್ದೂ ತಪ್ಪಿಲ್ಲ’ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ಅದು ಅಡ್ಡದಾರಿ. ಅಮೆರಿಕದ ನಗರಗಳು ತಾವಾಗಿ ಒಡೆಯಲಿಲ್ಲ. 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೇ ಕರಿಯರ ಬಡಾವಣೆಗಳನ್ನು ನಕ್ಷೆಯಲ್ಲಿ ಕೆಂಪು ಬಳಿದು ಸಾಲಕ್ಕೆ ಅಪಾಯಕಾರಿ ಎಂದು ಗುರುತಿಸಿತು. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ ಅಂಥ ಕಡೆ ಸಾಲಕ್ಕೆ ಖಾತರಿ ನಿಲ್ಲಲು ಹಿಂಜರಿಯಿತು.

ಮಾರುಕಟ್ಟೆಯೇ ಇದನ್ನು ಸರಿಮಾಡುತ್ತದೆ ಎಂಬ ವಾದವೂ ಉಂಟು. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1957ರಲ್ಲಿ ಹೇಳಿದ್ದರ ಸಾರ: ತಾರತಮ್ಯ ಮಾಡುವವನು ತನ್ನ ಚಪಲಕ್ಕೆ ತಾನೇ ಬೆಲೆ ತೆರುತ್ತಾನೆ, ಪೈಪೋಟಿಯಲ್ಲಿ ಹಿಂದೆ ಬೀಳುತ್ತಾನೆ. ನಿಮ್ಮ ಮನೆಯಲ್ಲಿ ಆದದ್ದು ನೋಡಿ. ವಾರದೊಳಗೆ ಬೇರೆ ಬಾಡಿಗೆದಾರರು ಬಂದರು, ನಷ್ಟ ಸೊನ್ನೆ. ಅವನಿಗೆ ಕೊಟ್ಟಿದ್ದರೇ ನೆರೆಹೊರೆಯವರ ಮುನಿಸಿನ ಬೆಲೆ ತೆರಬೇಕಿತ್ತು. ಬೇಡಿಕೆ ಹೆಚ್ಚಿರುವ ಕಡೆ ಮಾರುಕಟ್ಟೆ ಪೂರ್ವಗ್ರಹವನ್ನು ಸಾಕುತ್ತದೆ.

ಹಾಗಾದರೆ ಲಿಬರಲ್ ಚಿಂತನೆಗೇ ಇದು ಕಾಣಲಿಲ್ಲವೇ? ಅದರ ಹಿರಿಯರ ದಾಖಲೆ ಅಷ್ಟೇನೂ ಚೆನ್ನಾಗಿಲ್ಲ. ಸಹಜ ಸ್ವಾತಂತ್ರ್ಯದ ಬಗ್ಗೆ ಬರೆದ ಜಾನ್ ಲಾಕ್ ಗುಲಾಮರ ವ್ಯಾಪಾರ ಮಾಡುತ್ತಿದ್ದ ರಾಯಲ್ ಆಫ್ರಿಕನ್ ಕಂಪನಿಯಲ್ಲಿ ಷೇರು ಹೊಂದಿದ್ದರು. ಸ್ವಾತಂತ್ರ್ಯದ ತತ್ವ ‘ಹಿಂದುಳಿದ’ ಸಮಾಜಗಳಿಗೆ ಅನ್ವಯಿಸುವುದಿಲ್ಲ ಎಂದು 1859ರಲ್ಲಿ ಬರೆದ ಜಾನ್ ಸ್ಟುವರ್ಟ್ ಮಿಲ್, 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿದ್ದವರು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡು ಮೈಸೂರಿನಲ್ಲಿ ಕಮಿಷನರ್ ಆಳ್ವಿಕೆ ನಡೆದಿತ್ತಲ್ಲ, ಆ ಕಾಲದ ಸುಮಾರು ಎರಡು ದಶಕ ದೇಶೀ ಸಂಸ್ಥಾನಗಳ ಕಡತಗಳು ಹಾದುಹೋದದ್ದು ಅವರ ಮೇಜಿನ ಮೇಲೆ.

ಇಪ್ಪತ್ತನೇ ಶತಮಾನದ ದೊಡ್ಡ ಹೆಸರು ಜಾನ್ ರಾಲ್ಸ್. ಅವರ 1971ರ ‘ಎ ಥಿಯರಿ ಆಫ್ ಜಸ್ಟಿಸ್’ ಪುಸ್ತಕದ ಪ್ರಸಿದ್ಧ ಭಾಗ ‘ಅಜ್ಞಾನದ ಪರದೆ’. ಪರದೆಯ ಹಿಂದೆ ಕೂತು ಸಮಾಜದ ನಿಯಮ ಬರೆಯಿರಿ. ನೀವು ಯಾರಾಗಿ ಹುಟ್ಟುತ್ತೀರಿ, ಬಡವರೋ ಬಲ್ಲಿದರೋ, ಯಾವ ಬಣ್ಣವೋ, ನಿಮಗೆ ಗೊತ್ತಿರುವುದಿಲ್ಲ. ಮೇಲಿನ ಮಹಡಿ ಕೇಳುವವನೂ ನೀವಾಗಿರಬಹುದು. ಹಾಗೆ ಕೂತವರು ಬಣ್ಣ ನೋಡಿ ಬಾಗಿಲು ಹಾಕುವ ನಿಯಮವನ್ನು ಬರೆಯಲಾರರು. ಜನಾಂಗೀಯ ತಾರತಮ್ಯ ಅನ್ಯಾಯ ಎಂಬುದನ್ನು ರಾಲ್ಸ್ ಚರ್ಚೆಗೆ ಮುಂಚೆಯೇ ಸ್ಥಿರವಾಗಿ ಹಿಡಿದಿಟ್ಟುಕೊಳ್ಳುತ್ತಾರೆ. ಆದರೆ ಅಷ್ಟು ದಪ್ಪ ಪುಸ್ತಕದಲ್ಲಿ ಗುಲಾಮಗಿರಿ ನಡೆದ ನೆಲದಲ್ಲಿ ನಿಂತೂ ಜನಾಂಗದ ವಿಷಯಕ್ಕೆ ಅವರು ಕೊಟ್ಟ ಜಾಗ ತೀರಾ ಸ್ವಲ್ಪ. ಕಾರಣವಿದೆ: ಅವರು ಹುಡುಕಿದ್ದು ಎಲ್ಲರೂ ನಿಯಮ ಪಾಲಿಸುವ ಆದರ್ಶ ಸಮಾಜದ ನಕ್ಷೆ. ಜಮೈಕಾದಲ್ಲಿ ಬೆಳೆದ ತತ್ವಜ್ಞಾನಿ ಚಾರ್ಲ್ಸ್ ಮಿಲ್ಸ್ 1997ರಲ್ಲಿ ಇದನ್ನು ನೇರವಾಗಿ ಎತ್ತಿಕೊಂಡರು. ‘ಎಲ್ಲರೂ ಸೇರಿ ಮಾಡಿಕೊಂಡ ಸಾಮಾಜಿಕ ಒಪ್ಪಂದ’ ಎಂಬ ಕಥೆಯ ಅಡಿಯಲ್ಲಿ ಬಿಳಿಯರು ಬಿಳಿಯರೊಡನೆ ಮಾಡಿಕೊಂಡ ಇನ್ನೊಂದು ಒಪ್ಪಂದವಿದೆ, ಉಳಿದವರು ಅದರಲ್ಲಿ ಸಹಿ ಹಾಕುವವರಲ್ಲ, ಅದರ ಸರಕು ಎಂದರು. ಮಿಲ್ಸ್ ಲಿಬರಲಿಸಂ ಬಿಡಿ ಎನ್ನಲಿಲ್ಲ, ಪರದೆಯ ಹಿಂದೆ ಕೂತವರಿಗೆ ಇತಿಹಾಸ ಗೊತ್ತಿರಲಿ ಎಂದರು. ಶೆಲ್ಬಿಗೆ ಅಷ್ಟೂ ಬೇಕಿಲ್ಲ, ರಾಲ್ಸ್ ಹೇಳಿದ ‘ನ್ಯಾಯಯುತ ಸಮಾನ ಅವಕಾಶ’ ತತ್ವವನ್ನೇ ಪ್ರಾಮಾಣಿಕವಾಗಿ ಜಾರಿ ಮಾಡಿದರೆ ಸಾಕು. ರೋಗ ಗುರುತಿಸುವಲ್ಲಿ ಮಿಲ್ಸ್ ಸರಿ, ಔಷಧದ ವಿಷಯದಲ್ಲಿ ಶೆಲ್ಬಿಯ ಮಾತು ಹೆಚ್ಚು ಬಳಕೆಗೆ ಬರುತ್ತದೆ. ನ್ಯಾಯಾಲಯದಲ್ಲಿ, ಶಾಸನಸಭೆಯಲ್ಲಿ ವಾದ ಮಾಡುವವರಿಗೆ ಬೇಕಾಗುವುದು ಎದುರಾಳಿ ಈಗಾಗಲೇ ಒಪ್ಪಿರುವ ತತ್ವ.

ಈಗ ನಿಮ್ಮ ಕೊನೆಯ ಪ್ರಶ್ನೆ: ಬಣ್ಣ ನೋಡಬೇಡಿ ಎನ್ನುವವರು ಜಾತಿ ನೋಡಿ ಎನ್ನುವುದೇಕೆ? ‘ನಮ್ಮ ಸಂವಿಧಾನಕ್ಕೆ ಬಣ್ಣ ಕಾಣದು’ ಎಂಬ ಮಾತು ಅಮೆರಿಕದ ನ್ಯಾಯಮೂರ್ತಿ ಹಾರ್ಲನ್ ಅವರದು, ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ ಎಂಬುದನ್ನು ಬಹುಮತ ಒಪ್ಪಿದ 1896ರ ಪ್ಲೆಸ್ಸಿ ಪ್ರಕರಣದ ಭಿನ್ನ ತೀರ್ಪಿನಲ್ಲಿ. (ಅದೇ ತೀರ್ಪಿನಲ್ಲಿ ಅವರು ಚೀನೀಯರನ್ನು ನಮಗಿಂತ ತೀರಾ ಬೇರೆಯಾದ ಜನಾಂಗ ಎಂದು ಪಕ್ಕಕ್ಕಿಟ್ಟರು. ಬಣ್ಣಗುರುಡಿಗೂ ಬಣ್ಣ ಕಾಣುತ್ತಿತ್ತು.) ಈ ತತ್ವಕ್ಕೆ ಎರಡು ಓದುಗಳಿವೆ. ಒಂದು: ಜನರನ್ನು ಗುಂಪು ಮಾಡಿ ವಿಂಗಡಿಸುವುದೇ ತಪ್ಪು, ಉದ್ದೇಶ ಏನೇ ಇರಲಿ. 2023ರಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಕರಣದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟಿನ ಬಹುಮತ ಒಲಿದದ್ದು ಇತ್ತ. ಇನ್ನೊಂದು: ಒಂದು ಗುಂಪನ್ನು ಕೆಳಗೆ ತುಳಿದಿಡುವುದು ತಪ್ಪು. ಮೊದಲ ಓದಿನಲ್ಲಿ ನಿಮ್ಮ ನಿರಾಕರಣೆಯೂ ಮೀಸಲಾತಿಯೂ ಒಂದೇ ತಕ್ಕಡಿಯಲ್ಲಿ ಕೂರುತ್ತವೆ. ಎರಡನೆಯದರಲ್ಲಿ ಒಂದು ಬಾಗಿಲು ಹಾಕುತ್ತದೆ, ಇನ್ನೊಂದು ಹಾಕಿದ್ದ ಬಾಗಿಲು ತೆಗೆಯುತ್ತದೆ.

ಇದನ್ನು ಕಲಿಯಲು ಅಮೆರಿಕಕ್ಕೆ ಹೋಗಬೇಕಿಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಕೆಳಗಿನವುಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರ ಕೈಗೆ ಬರಬೇಕೆಂದು ಅದು ಶಿಫಾರಸು ಮಾಡಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಅರ್ಹತೆಯ ಪ್ರಶ್ನೆಯಲ್ಲಿ ಇಂಥ ಮೀಸಲು ಒಪ್ಪಿಗೆಯಾಗಲಿಲ್ಲ, 1918ರಲ್ಲೇ ದಿವಾನಗಿರಿ ಬಿಟ್ಟರು. ಮಂಡ್ಯದ ಎಷ್ಟೋ ಮನೆಗಳಲ್ಲಿ ಕನ್ನಂಬಾಡಿಯ ಋಣಕ್ಕೆ ಇಬ್ಬರ ಫೋಟೊವೂ ಒಂದೇ ಗೋಡೆಯ ಮೇಲಿರುತ್ತವೆ. ನ್ಯಾಯ ಎಂದರೇನು ಎಂಬಲ್ಲಿ ಇಬ್ಬರದೂ ಬೇರೆ ಬೇರೆ ಮಾತು. ನ್ಯಾಯಾಲಯದ ದಾರಿಯೂ ಮೈಸೂರಿನಿಂದಲೇ ಹೊರಡುತ್ತದೆ. 1962ರಲ್ಲಿ ಮೈಸೂರು ಸರ್ಕಾರ ವೃತ್ತಿಶಿಕ್ಷಣ ಕಾಲೇಜುಗಳಲ್ಲಿ ಶೇ. 68 ಸೀಟು ಮೀಸಲಿಟ್ಟಿತು, ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ ಸ್ಥೂಲವಾಗಿ ಶೇ. 50ರ ಗೆರೆ ಎಳೆಯಿತು. ಆಗ ಮೀಸಲಾತಿ ಸಮಾನತೆಗೆ ಒಂದು ಅಪವಾದ ಎಂಬ ತಿಳಿವಳಿಕೆ. ಸುಪ್ರೀಂ ಕೋರ್ಟಿನದೇ 1975ರ ಎನ್.ಎಂ. ಥಾಮಸ್ ತೀರ್ಪು ಅದನ್ನು ತಿರುಗಿಸಿತು: ಮೀಸಲಾತಿ ಸಮಾನತೆಯದೇ ಒಂದು ಮುಖ. ಇಂದ್ರಾ ಸಾಹ್ನಿ ತೀರ್ಪು (1992) ಇದನ್ನು ಗಟ್ಟಿಮಾಡಿತು, ಶೇ. 50ರ ಗೆರೆಯನ್ನೂ ಉಳಿಸಿಕೊಂಡಿತು. ಈ ಎರಡನ್ನೂ ಒಟ್ಟಿಗೆ ಹಿಡಿಯುವುದು ತರ್ಕಕ್ಕೆ ಅಷ್ಟು ಸುಲಭವಲ್ಲ, ಮುಖವೇ ಆಗಿದ್ದರೆ ಮಿತಿ ಏಕೆ ಎಂಬ ವಾದ ಈಗಲೂ ನಡೆಯುತ್ತಿದೆ. ಜಾತಿಯೂ ಜನಾಂಗವೂ ಒಂದೇ ಎಂದು ಇಷ್ಟರಿಂದ ತೀರ್ಮಾನಿಸಬೇಡಿ. ಜಾತಿ ಜನಾಂಗದ ವಿಭಜನೆ ಎಂಬ ವಾದವನ್ನು ಅಂಬೇಡ್ಕರ್ 1936ರಲ್ಲೇ ತಳ್ಳಿಹಾಕಿದ್ದರು. ಹುಟ್ಟಿನಿಂದ ಬಾಗಿಲು ಮುಚ್ಚುವ ಕೆಲಸದಲ್ಲಿ ಮಾತ್ರ ಎರಡಕ್ಕೂ ಹೋಲಿಕೆಯಿದೆ.

‘ಅಜ್ಜ ಮಾಡಿದ್ದಕ್ಕೆ ಮೊಮ್ಮಗ ಯಾಕೆ ತೆರಬೇಕು’ ಎಂದು ನೀವು ಮುಂದೆ ಕೇಳಬಹುದು. ಒಂದೇ ಉದಾಹರಣೆ ಸಾಕು. ಬ್ರಿಟನ್ 1833ರಲ್ಲಿ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು, ಗುಲಾಮರಿಗಲ್ಲ, ಅವರ ಒಡೆಯರಿಗೆ. ಅದಕ್ಕೆಂದು ಮಾಡಿದ ಸಾಲ ಪೂರ್ತಿ ತೀರಿದ್ದು 2015ರಲ್ಲಿ. ಒಡೆಯರ ಪಾಲಿನ ಸಾಲ ಅಷ್ಟು ತಲೆಮಾರು ದಾಟಿ ಬರಬಹುದಾದರೆ ಗುಲಾಮರ ಪಾಲಿನದು ದಾಟುವುದಿಲ್ಲ ಎನ್ನಲು ಕಾರಣ ಬೇಕು. ಆಸ್ತಿ ಹಕ್ಕಿನ ಕಟ್ಟಾ ಸಮರ್ಥಕ ರಾಬರ್ಟ್ ನೋಜಿಕ್ ಕೂಡ 1974ರಲ್ಲಿ, ಹಿಂದಿನ ಅನ್ಯಾಯ ಸರಿಪಡಿಸದ ಆಸ್ತಿಯ ಹಂಚಿಕೆ ನ್ಯಾಯವಲ್ಲ ಎಂದು ಒಪ್ಪಿದ್ದರು.

ಇನ್ನು ಮುಂದಿನ ಸಲ ಏನು ಮಾಡಬೇಕು. ಬೋರ್ಡು ಹಾಕುವ ಮುಂಚೆ, ಯಾರ ಮುಖವನ್ನೂ ನೋಡುವ ಮುಂಚೆ, ಷರತ್ತುಗಳನ್ನು ಕಾಗದದಲ್ಲಿ ಬರೆದಿಡಿ: ಬಾಡಿಗೆ, ಅಡ್ವಾನ್ಸ್, ಎಷ್ಟು ಜನ, ರಾತ್ರಿ ಎಷ್ಟು ಗಂಟೆಯ ನಂತರ ಸದ್ದಿರಬಾರದು, ಯಾವ ದಾಖಲೆ. ಓದಲು ಬಂದವರಾದರೆ ವೀಸಾ ಮತ್ತು ಪ್ರವೇಶ ಪತ್ರ, ಯೋಗಕ್ಕೆ ಬಂದವರಾದರೆ ವೀಸಾ ಮತ್ತು ತರಗತಿಯ ದಾಖಲೆ. ವಿದೇಶಿಯರಿಗೆ ಮನೆ ಕೊಟ್ಟರೆ ವಿದೇಶಿಯರ ನೋಂದಣಿ ಕಚೇರಿಗೆ ತಿಳಿಸುವ ಹೊಣೆ ಮಾಲೀಕರದು, ಅದು ಬಿಳಿಯರಿಗೂ ಅಷ್ಟೇ. ಆದ್ದರಿಂದ ‘ಪೊಲೀಸ್ ರಗಳೆ’ ಎಂಬ ಕಾರಣ ಒಬ್ಬರಿಗೆ ಮಾತ್ರ ಹೇಳುವಂತಿಲ್ಲ. ಪ್ರತಿ ಕಾರಣವನ್ನೂ ಹೀಗೆ ಅದಲುಬದಲು ಮಾಡಿ ನೋಡಿ: ಅಡುಗೆ ವಾಸನೆ, ಗೆಳೆಯರ ಓಡಾಟ, ಭಾಷೆ ಬಾರದು. ಯೋಗದ ದಂಪತಿಯ ವಿಷಯದಲ್ಲಿ ಅದೇ ಕಾರಣ ನಿಲ್ಲದಿದ್ದರೆ ಅದು ಕಾರಣವಾಗಿರಲಿಲ್ಲ.

ಎಲ್ಲರಿಗೂ ಒಂದೇ ಎನ್ನುವ ಷರತ್ತಿನಲ್ಲೂ ಮೋಸವಿರಬಹುದು. ಅಮೆರಿಕದ ಡ್ಯೂಕ್ ಪವರ್ ಕಂಪನಿ ಉದ್ಯೋಗ ತಾರತಮ್ಯ ನಿಷೇಧ ಜಾರಿಗೆ ಬಂದ 1965ರ ಜುಲೈ 2ರಂದೇ ಎಲ್ಲರಿಗೂ ಅನ್ವಯಿಸುವ ಹೊಸ ಪರೀಕ್ಷೆ ತಂದಿತು, ಕೆಲಸಕ್ಕೂ ಅದಕ್ಕೂ ಸಂಬಂಧ ತೋರಿಸಲಾಗಲಿಲ್ಲ. ಸುಪ್ರೀಂ ಕೋರ್ಟ್ 1971ರಲ್ಲಿ ಅದನ್ನು ಒಪ್ಪಲಿಲ್ಲ. ನಮ್ಮ ಬೋರ್ಡುಗಳ ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಸಾಲು ಯಾರನ್ನು ಒಳಗೆ ಬಿಡುತ್ತದೆ, ಯಾರನ್ನು ಜಾಲಿಸಿ ತೆಗೆಯುತ್ತದೆ ಎಂದು ಯೋಚಿಸಿ. ಒಂದೇ ಅಡುಗೆಮನೆ ಹಂಚಿಕೊಳ್ಳುವುದಾದರೆ ಆ ಷರತ್ತಿಗೆ ಅರ್ಥವಿದೆ. ಮೇಲೆ ಬೇರೆ ಅಡುಗೆಮನೆ, ಬೇರೆ ಮೆಟ್ಟಿಲು ಇದ್ದರೆ ಅದರ ಕೆಲಸ ಬೇರೆಯೇ.

ನೆರೆಯವರು ಮತ್ತೆ ಬೇಡವೆಂದರೆ, ಏನಾದೀತೆಂದು ಭಯ ಎಂದು ಕೇಳಿ. ಗಲಾಟೆ ಎಂದರೆ ಕರಾರಿನಲ್ಲಿ ಸದ್ದಿನ ಷರತ್ತು ಸೇರಿಸಿ, ತಪ್ಪಿದರೆ ಒಂದು ತಿಂಗಳ ನೋಟಿಸ್ ಎಂದು ಬರೆಯಿರಿ. ಹೇಗೂ ಹನ್ನೊಂದು ತಿಂಗಳ ಕರಾರು ತಾನೇ. ಕರೆ ಮಾಡಿದವರ ಹೆಸರನ್ನು ಬಂದ ಕ್ರಮದಲ್ಲಿ ಬರೆದುಕೊಂಡು, ಷರತ್ತು ಪೂರೈಸಿದ ಮೊದಲನೆಯವರಿಗೆ ಬೀಗದ ಕೈ ಕೊಡಿ.